ಆ ಹುಡುಗಿಯ ಅವ್ವ ಅತ್ತಳು

೭ ಜನವರಿ, ಮಂಗಳವಾರ

ಕಕ್ಕೇರಾ ಬಸ್ಸು ಇವತ್ತೂ ತಡ. ಸುರಪುರದ ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಪೀರಿಯಡ್ ಅರ್ಧ ಮುಗಿದಿತ್ತು. ಭೀಮಾಶಂಕರ ಸರ್ ಒಂದು ಸಣ್ಣಕಥೆಯ ಜೆರಾಕ್ಸ್ ಹಂಚಿದರು. ಕಥೆಯಲ್ಲಿ ಅಪ್ಪ ಅವ್ವ ಕೂಲಿಗೆಂದು ಪುಣೆಗೆ ಗುಳೆ ಹೋಗುತ್ತಾರೆ. ಒಂಬತ್ತು ವರ್ಷದ ಹುಡುಗಿ ತಮ್ಮಂದಿರನ್ನು ಸಾಕುತ್ತಾಳೆ. ವಿಶ್ಲೇಷಣೆ ಬರೆಯಬೇಕು, ಇಪ್ಪತ್ತು ಅಂಕ. ಚೆನ್ನಾಗಿ ಬರೆದವರು ಯಾದಗಿರಿ ಸೆಮಿನಾರಿನಲ್ಲಿ ಓದಬೇಕು.

ನಾನೇ ಓದುವುದು. ಒಂಬತ್ತನೇ ವರ್ಷಕ್ಕೆ ರೊಟ್ಟಿ ಬಡಿದವಳು ಈ ಕ್ಲಾಸಿನಲ್ಲಿ ಬೇರೆ ಯಾರಿದ್ದಾರೆ?

೧೭ ಜನವರಿ

ಇಪ್ಪತ್ತಕ್ಕೆ ನನಗೆ ಹನ್ನೊಂದು ಅಂಕ. ನಮ್ಮ ಕ್ಲಾಸಿನ ದಾನೇಶ್ವರಿಗೆ ಹದಿನೆಂಟು. ಶಹಾಪುರದಲ್ಲಿ ಬಟ್ಟೆ ಅಂಗಡಿ ಅವರದು. ಅಡುಗೆಗೂ ಆಳು. ಅವಳು ಓದಿದಾಗ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.

ನನ್ನ ಹಾಳೆಯ ಮೇಲೆ ಕೆಂಪು ಶಾಯಿ — ‘ಮಗುವಿನ ಬಗ್ಗೆ ಕರುಣೆ ಇಲ್ಲ. ತಿದ್ದಿ ಬರೆದರೆ ನೋಡುತ್ತೇನೆ.’

ಬಸ್‌ಸ್ಟ್ಯಾಂಡಿನಲ್ಲಿ ದಾನೇಶ್ವರಿ ಕೇಳಿದಳು, “ರೇವತಿ, ಆ ಹುಡುಗೀನ ನಸೀಬದಾಕಿ ಅಂತ ಬರ್ದೀಯಂತಲ್ಲ, ಯಾಕ?”

“ಹೊಂಟಾಗ ಆಕಿ ಅವ್ವ ಅತ್ತಾಳಲ್ಲ, ಅದಕ್ಕ.”

ಅವಳಿಗೆ ತಿಳಿಯಲಿಲ್ಲ. ನನಗೆ ಒಂಬತ್ತಿದ್ದಾಗ ಗುಳೆ ಹೋಗಲು ಟೆಂಪೋ ಹತ್ತಿದ ನಮ್ಮವ್ವ ಹಿಂದೆ ತಿರುಗಿಯೂ ನೋಡಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ... ನಿಜ ಹೇಳಬೇಕೆಂದರೆ ದಾನೇಶ್ವರಿಗಿಂತ ಆ ಕಾಗದದ ಹುಡುಗಿಯ ಮೇಲೆಯೇ ನನಗೆ ಹೊಟ್ಟೆಕಿಚ್ಚು. ಹನ್ನೆರಡು ವರ್ಷದ ಹೊಟ್ಟೆಕಿಚ್ಚು.

೧೯ ಜನವರಿ, ಭಾನುವಾರ ಸಂಜೆ

ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎದುರಿಗೆ ಕೂತು ಕಥೆ ಓದಿದೆ. ಚುಚ್ಚಬೇಕೆಂದೇ ಓದಿದೆ. ಅಳುವ ಭಾಗವನ್ನು ಎರಡು ಸಲ.

ಅವ್ವ ತಲೆ ಎತ್ತಲಿಲ್ಲ. “ಆಮ್ಯಾಲ ಆ ಹುಡುಗಿ ಏನ್ ಮಾಡ್ತಾಳ?”

“ಟೆಂಪೋ ಹಿಂದ ಓಡ್ತಾಳ. ಬಿದ್ದು ಮಣಕಾಲ ಒಡಕೊಂತಾಳ.”

“ಅದಕ್ಕ ನಾ ತಿರುಗಲಿಲ್ಲ,” ಅಂದಳು. “ನಿನ್ನ ಬಗಲಾಗ ತಮ್ಮ ಇದ್ದ, ಇನ್ನೂ ಕೂಸು.”

ಅಷ್ಟೇ. ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು. ನಾನು ಜೆರಾಕ್ಸ್ ಮಡಚಿಟ್ಟು ಎದ್ದುಬಂದೆ.

೨೦ ಜನವರಿ, ಬೆಳಿಗ್ಗೆ ೬

ವಿಶ್ಲೇಷಣೆಯಲ್ಲಿ ಬರೆದದ್ದೆಲ್ಲ ಹೊಡೆದುಹಾಕಿದೆ. ಯಾದಗಿರಿಗೆ ದಾನೇಶ್ವರಿಯೇ ಹೋಗಲಿ. ಅವ್ವ ಎದ್ದು ಒಲೆ ಹಚ್ಚುತ್ತಿದ್ದಾಳೆ. ಅವತ್ತು ಟೆಂಪೋ ಊರು ದಾಟಿದ ಮೇಲೆ ಏನಾಯಿತು, ಕೇಳಬೇಕು. ಇಷ್ಟು ವರ್ಷ ಕೇಳಲಿಲ್ಲ. ಈಗ ಕೇಳಿದರೆ ಅವಳು ಅಳುತ್ತಾಳೇನೋ.