ಖಾಲಿ ಕುರ್ಚಿಗಳ ಕ್ರಯ

೨೧ ನವೆಂಬರ್ ೨೦೧೧, ಸೋಮವಾರ

ಸಮಸ್ತ ಭೂಮಂಡಲದ ಮದುವೆ ಆಲ್ಬಮ್‌ಗಳ ಚಕ್ರವರ್ತಿಗಳೂ, ಹೊಸಂಗಡಿ ಪೇಟೆಯ ಏಕೈಕ ಏಸಿ ಸ್ಟುಡಿಯೋದ ಅಧಿಪತಿಗಳೂ, ನನಗೆ ಸಂಬಳ ಕೊಡುವವರೂ ಆದ ಶ್ರೀಮಾನ್ ಜಯಂತಣ್ಣನವರ ಪಾದಾರವಿಂದಗಳಿಗೆ ಈ ದಾಸಾನುದಾಸನ ಸಾಷ್ಟಾಂಗ ನಮಸ್ಕಾರ. ಇವತ್ತು ನನ್ನ ಕೆಲಸ ಉಳಿದದ್ದು ಅವರಿಂದ.

ಬೆಳಿಗ್ಗೆ ಪೈವಳಿಕೆಯ ಗಣೇಶಪ್ರಸಾದ ಭಟ್ಟರು ಮಗಳ ಮದುವೆಯ ಆಲ್ಬಮ್ ತಂದು ಮೇಜಿನ ಮೇಲೆ ಕುಕ್ಕಿದರು. "ನನ್ನ ಅಕ್ಕನ ಒಂದು ಫೋಟೋ ಇಲ್ಲ. ಖಾಲಿ ಕುರ್ಚಿಗಳದ್ದು ಮಾತ್ರ ಪುಟ ತುಂಬ ಉಂಟು. ಎಂತ, ಕುರ್ಚಿಗಳಿಗೆ ಮದುವೆಯಾ? ತೆಗೆದವನು ಯಾರು?"

ನಾನು ಲೈಟಿನ ಸ್ಟ್ಯಾಂಡಿನ ಹಿಂದೆ, ಸ್ಟ್ಯಾಂಡಿನಷ್ಟೇ ಸಪೂರವಾಗಿ ನಿಂತೆ.

ಜಯಂತಣ್ಣ ಪೇಪರು ಬಿಡಿಸಿ ತೋರಿಸಿದರು. "ನೋಡಿ ಭಟ್ರೇ, ಒಂದು ಹೊಳೆಯ ಫೋಟೋ. ಜನ ಇಲ್ಲ, ದೋಣಿ ಸಹ ಇಲ್ಲ. ವಿದೇಶದಲ್ಲಿ ಕೋಟಿಗಟ್ಟಲೆಗೆ ಏಲಂ ಆಗಿದೆ. ನಮ್ಮ ಹುಡುಗ ತೆಗೆದದ್ದೂ ಅದೇ ನಮೂನೆಯದ್ದು. ಬೇಡವಾದರೆ ಆ ಪುಟ ನನಗಿರಲಿ."

ಭಟ್ಟರು ಕುರ್ಚಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆಲ್ಬಮನ್ನು ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು, "ಅಕ್ಕನಿಗೆ ನಾನು ಹೇಳಿಕೊಳ್ಳುತ್ತೇನೆ" ಎಂದು ಹೊರಟರು.

"ನಿನಗೆ ಕಣ್ಣುಂಟು ಮಾರಾಯ" ಎಂದರು ಜಯಂತಣ್ಣ. ತಮಾಷೆಗಲ್ಲ. ನನಗೆ ಹಾಗೆ ಹೇಳಿದವರು ಈವರೆಗೆ ಯಾರೂ ಇಲ್ಲ. ಅದನ್ನೇ ನೆನೆಸಿ ನೆನೆಸಿ ನಿದ್ದೆ ಬರುತ್ತಿಲ್ಲ.

ಅವರಿಗೆ ಹೇಳಬೇಕಿತ್ತು. ಭಟ್ಟರ ಅಕ್ಕ ಫೋಟೋಕ್ಕೆ ನಿಂತಾಗ ನಾನು ಹೋಳಿಗೆಯ ಪಂಕ್ತಿಯಲ್ಲಿದ್ದೆ. ಅಕ್ಕನ ಪುಟ ಖಾಲಿ ಉಳಿಯಿತೆಂದು ಕುರ್ಚಿಗಳನ್ನು ಹಾಕಿದೆ. ಅದನ್ನೂ ನಾನು ತೆಗೆದದ್ದಲ್ಲ. ಕೆಮರಾ ಮೇಜಿನ ಮೇಲೆ ಬಿಟ್ಟು ಹೋಗಿದ್ದೆ, ಯಾರ ಮನೆಯ ಮಗುವೋ ಒತ್ತಿದಾಗ ಬಿದ್ದ ಫೋಟೋ ಅದು.