ಇನ್ನಾಸಪ್ಪ ಎಂಬ ಹೆಸರು ನೆಲದಡಿಗೆ ಇಳಿದು ಬಂದದ್ದು

ಕೆಳನಾಡು,
ಫೆಬ್ರವರಿ ಮೂವತ್ತು, 2219

ಪೂಜ್ಯ ಇನ್ನಾಸಪ್ಪ ತಾತನವರಿಗೆ, ಎಷ್ಟೋ ತಲೆಮಾರು ಮುಂದಿರುವ ನಿಮ್ಮ ವಂಶದ ರಜೀನಮ್ಮನ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಈ ಹೆಂಗಸಿಗೆ ತಿಂಗಳ ಲೆಕ್ಕ ಬರುವುದಿಲ್ಲ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಬಿಸಿಲು, ಮಳೆ ಯಾವುದೂ ಇಲ್ಲಿಗೆ ಇಳಿಯದ ಮೇಲೆ ತಿಂಗಳುಗಳನ್ನು ಉದ್ದ ಗಿಡ್ಡ ಮಾಡಿ ಏನಾಗಬೇಕು ಎಂದು ಹಿರಿಯರು ಸರಿಸಮ ಮಾಡಿಬಿಟ್ಟರು. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತುಗಳೂ ಬರುತ್ತವೆ. ದಯವಿಟ್ಟು ಸಹಿಸಿಕೊಳ್ಳಿ.

ನಾವಿರುವುದು ಕೋಲಾರದ ಕಡೆಯ ಹಳೆಯ ಗಣಿಗಳ ಒಳಗೆ. ಮೇಲೆ ನೆಲ ಕಾದು ನಿಲ್ಲಲಾಗದಂತಾದಾಗ ನಿಮ್ಮ ಮೊಮ್ಮಕ್ಕಳ ಮಕ್ಕಳು ಇಲ್ಲಿಗೆ ಇಳಿದರು. ಗೋಡೆಯುದ್ದಕ್ಕೂ ಉಸಿರುಗಾಲುವೆಗಳಿವೆ; ಮೇಲಿನ ಗಾಳಿಯನ್ನು ತಣಿಸಿ ಮನೆಮನೆಗೆ ತರುವ ಕೊಳವೆಗಳು ಅವು. ಬೆಳಗ್ಗೆ ದೀಪಗಳು ನಿಧಾನವಾಗಿ ಹಳದಿಯಾಗುತ್ತವೆ, ಅದೇ ನಮ್ಮ ಸೂರ್ಯೋದಯ. ರಾಗಿಯನ್ನು ತಟ್ಟೆಗಳಲ್ಲಿ ಬೆಳೆಯುತ್ತೇವೆ. ಮುದ್ದೆಯನ್ನು ಹಬೆಯೊಲೆಯಲ್ಲಿ ಬೇಯಿಸುತ್ತೇವೆ, ಏಕೆಂದರೆ ಇಲ್ಲಿ ಬೆಂಕಿ ಹಚ್ಚುವಂತಿಲ್ಲ. ಅದನ್ನು ಬೆಂಕಿನೇಮ ಎನ್ನುತ್ತೇವೆ. ಪೂಜೆಯ ಮೇಣದ ಬತ್ತಿಯ ತುದಿಯಲ್ಲಿಯೂ ಪುಟ್ಟ ಬಲ್ಬೇ ಇರುತ್ತದೆ. ನೀವು ನಿಮ್ಮ ಬೇಕರಿಯಲ್ಲಿ ಕಟ್ಟಿಗೆ ಉರಿಸಿ ಬ್ರೆಡ್ ಸುಡುತ್ತಿದ್ದಿರಿ ಎಂದು ಹೇಳಿದರೆ ನಮ್ಮ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಈ ನೇಮ ಸುಮ್ಮನೆ ಬಂದದ್ದಲ್ಲ. ನನ್ನ ಮಗ ಅರುಳಪ್ಪನ ಹೆಂಡತಿ ಚಂಪಾ ತೊಟ್ಟಿಲಲ್ಲಿದ್ದಾಗ ಪೂರ್ವದ ಸುರಂಗದಲ್ಲಿ ಬೆಂಕಿ ಬಿದ್ದಿತು. ಒಳಗೆ ಸಿಕ್ಕಿಕೊಂಡವರನ್ನು ಎಳೆದು ತರಲು ಹೋದ ಅವಳ ತಂದೆ ಸಿದ್ದರಾಜು ಹಿಂದಿರುಗಲಿಲ್ಲ. ಆಕೆಯ ತಾಯಿ ಹೊನ್ನಮ್ಮ ಆವತ್ತಿನಿಂದ ಬೆಂಕಿ ಎಂಬ ಮಾತನ್ನೇ ಬಾಯಿಂದ ಆಡಿದವಳಲ್ಲ.

ಚಂಪಾಗೆ ಗಂಡುಮಗು ಹುಟ್ಟಿತು. ನಿಮ್ಮ ಹೆಸರಿಡೋಣ ಎಂದು ನಾನು ಹೇಳಿದೆ. ನೆಲದ ಮೇಲೆ ನಮ್ಮ ಮನೆ, ಗುಡಿ, ಸಮಾಧಿ ಎಲ್ಲವನ್ನೂ ಬಿಟ್ಟು ಬಂದೆವು, ಹೆಸರನ್ನಾದರೂ ತರಬಾರದೇ ಎಂಬ ಆಸೆ. ಗಂಡಹೆಂಡತಿ ಒಪ್ಪಿದರು. ಅರುಳಪ್ಪ ಅತ್ತೆಯ ಮುಂದೆ ಉತ್ಸಾಹದಿಂದ ಅರ್ಥವನ್ನೂ ವಿವರಿಸಿಬಿಟ್ಟ: ಲ್ಯಾಟಿನಿನ ಇಗ್ನೇಷಿಯಸ್ಸೇ ಇನ್ನಾಸಪ್ಪ, ಆ ನುಡಿಯಲ್ಲಿ ಇಗ್ನಿಸ್ ಎಂದರೆ ನಮ್ಮ ಅಗ್ನಿಯೇ, ಎರಡೂ ಒಂದೇ ಬೇರಿನ ಮಾತುಗಳು ಎಂದು.

ಹೊನ್ನಮ್ಮ ಮಗುವನ್ನು ಮೆಲ್ಲಗೆ ತಾಯಿಯ ಮಡಿಲಿಗೆ ಕೊಟ್ಟಳು.

“ಆ ಹೆಸರು ಹಿಡಿದು ಕರಿಯೋಕೆ ನನಗೆ ನಾಲಿಗೆ ಏಳಲ್ಲ ರಜೀನಕ್ಕ,” ಎಂದಳು. “ನಮ್ಮನೆಯೋರನ್ನ ತಿಂದಿದ್ದೇ ಅದು.”

ಆಮೇಲೆ ಆಕೆ ನಮ್ಮ ಮನೆಗೆ ಬರಲಿಲ್ಲ. ನಾಮಕರಣ ಮುಂದಕ್ಕೆ ಹೋಯಿತು. ಮಗು ಬರೀ ಪಾಪುವಾಗಿ ಉಳಿಯಿತು. ಚಂಪಾ ಹಾಲೂಡಿಸುತ್ತಾ ಬಾಗಿಲ ಕಡೆ ನೋಡುವುದನ್ನು ಕಂಡೆ. ಸತ್ತವರ ಹೆಸರಿಗಾಗಿ ಬದುಕಿರುವವರನ್ನು ನೋಯಿಸುವುದೇ ಎನಿಸಿ, ಬೇರೆ ಯಾವುದಾದರೂ ಸಂತರ ಹೆಸರು ಕೇಳೋಣವೆಂದು ನಮ್ಮ ಗುಡಿಯ ಫಾದರ್ ಲಾಜರರ ಬಳಿ ಹೋದೆ. ನನ್ನ ಕಥೆ ಕೇಳಿ ಅವರು ತಲೆಯಾಡಿಸಿದರು. ಅರುಳಪ್ಪ ಹೇಳಿದ್ದು ಅರ್ಧ ಮಾತ್ರವಂತೆ. ಮೊದಲು ಅದು ಎಗ್ನೇಷಿಯಸ್ ಎಂಬ ರೋಮನ್ ಮನೆತನದ ಹೆಸರಾಗಿತ್ತು. ಲ್ಯಾಟಿನಿಗಿಂತ ಹಳೆಯ ಯಾವುದೋ ನುಡಿಯದ್ದಿರಬೇಕು. ಅದರ ಅರ್ಥ ಯಾರಿಗೂ ತಿಳಿಯದು. ಕೇಳಲು ಇಗ್ನಿಸ್ ಇದ್ದಂತಿದೆ ಎಂದು ಜನ ಆಮೇಲೆ ಅಕ್ಷರ ತಿದ್ದಿಕೊಂಡರು. ಆ ಹೆಸರಿನ ಸಂತರಿಂದಾಗಿ ಅದು ದೇಶದೇಶಗಳಲ್ಲಿ ಹರಡಿ, ಪೋರ್ಚುಗೀಸರ ಬಾಯಲ್ಲಿ ಇನಾಸಿಯೋ ಆಗಿ, ನಮ್ಮ ಹಳ್ಳಿಗಳಿಗೆ ಬರುವಷ್ಟರಲ್ಲಿ ಕೊನೆಗೊಂದು ಅಪ್ಪನನ್ನು ಸೇರಿಸಿಕೊಂಡಿತ್ತು.

ಆದರೂ ವಾದ ಮಾಡಲು ನನಗೆ ಮನಸ್ಸಿರಲಿಲ್ಲ. ಹೊನ್ನಮ್ಮನ ಮನೆಗೆ ಹೋಗಿ, ಆ ಹೆಸರು ಬಿಟ್ಟೆ, ನೀನು ಹೇಳಿದ್ದನ್ನೇ ಇಡೋಣ, ಮನೆಗೆ ಬಾ ಎಂದೆ. ಆಕೆ ತಟ್ಟೆಯಿಂದ ಸೊಪ್ಪು ಬಿಡಿಸುತ್ತಿದ್ದಳು. ನಾನು ಗುಡಿಗೆ ಹೋಗಿದ್ದು ಚಂಪಾಳಿಂದ ತಿಳಿದಿತ್ತೇನೋ, ಫಾದರ್ ಏನಂದರು ಎಂದು ಅವಳೇ ಕೇಳಿದಳು. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ.

“ಹಂಗಾದ್ರೆ ಮೊದಲು ಅದಕ್ಕೆ ಏನರ್ಥ ಅಂತ ಯಾರಿಗೂ ಗೊತ್ತಿಲ್ವ?”

ಇಲ್ಲ ಎಂದೆ. ಆಕೆ ಸೊಪ್ಪನ್ನು ಪಕ್ಕಕ್ಕಿಟ್ಟಳು.

“ಮುಂದಿನದು ಏನೋ ಎಂತೋ, ಹಿಂದೆ ಅಪ್ಪ ಅಂತ ಐತಲ್ಲ. ಅದು ನನಗೆ ಅರ್ಥ ಆಗ್ತದೆ,” ಎಂದಳು. “ನನ್ನ ಮಗಳು ಹುಟ್ಟಿದಾಗಿಂದ ಯಾರನ್ನೂ ಅಪ್ಪಾ ಅಂತ ಕರ್ದವಳಲ್ಲ, ಅಕ್ಕ. ಇವನನ್ನಾದ್ರೂ ಬಾಯ್ತುಂಬ ಕರೀಲಿ. ಅದೇ ಇಟ್ಬಿಡಿ.”

ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ನಾಮಕರಣದ ದಿನ ಗುಡಿಯಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು ಹೊನ್ನಮ್ಮನೇ. ಹೆಸರನ್ನು ಹೇಳುವಾಗ ಅವಳ ದನಿ ಒಂದಿಷ್ಟು ನಡುಗಿತು, ನಿಲ್ಲಲಿಲ್ಲ. ಪೂರ್ವದ ಸುರಂಗದಲ್ಲಿ ತಮ್ಮವರನ್ನು ಕಳೆದುಕೊಂಡ ಬೇರೆ ಮನೆಗಳವರೂ ಅಲ್ಲಿದ್ದರು. ಹೊನ್ನಮ್ಮನ ಬಾಯಲ್ಲೇ ಆ ಹೆಸರು ಕೇಳಿದ ಮೇಲೆ ಅದು ಬೆಂಕಿಯ ಹೆಸರೆಂಬ ಅವರ ಅಂಜಿಕೆಯೂ ಕಳೆಯಿತೇನೋ. ಈಗ ನಮ್ಮ ಓಣಿಯಲ್ಲೇ ಹಲವು ಇನ್ನಾಸಪ್ಪಂದಿರಿದ್ದಾರೆ. ಅವರಲ್ಲಿ ಎಲ್ಲರೂ ಗುಡಿಗೆ ಹೋಗುವ ಮನೆಯವರೇನಲ್ಲ. ಯಾರಾದರೂ ಕೂಗಿದರೆ ಒಟ್ಟಿಗೆ ಓಡಿಬರುತ್ತಾರೆ.

ತಾತ, ನಿಮ್ಮ ಕಾಲದಲ್ಲಿ ಈ ಹೆಸರಿಡುವವರು ಕಡಿಮೆಯಾಗಿದ್ದರಂತೆ. ಶಾಲೆಯಲ್ಲಿ ನಿಮ್ಮನ್ನು ಆಡಿಕೊಳ್ಳುತ್ತಿದ್ದರು ಎಂಬ ಮಾತೂ ಮನೆಯಲ್ಲಿ ಉಳಿದಿದೆ. ನಿಮ್ಮ ಮಕ್ಕಳಿಗೆ ಬೇರೆ ಹೊಸ ಹೆಸರುಗಳನ್ನು ಇಡಿ, ನಮಗೆ ಬೇಸರವಿಲ್ಲ. ನಿಮ್ಮದು ನಿಮ್ಮೊಂದಿಗೇ ಮುಗಿಯಿತು ಎಂದು ಮಾತ್ರ ನೊಂದುಕೊಳ್ಳಬೇಡಿ. ನನ್ನ ಕೋರಿಕೆ ಅಷ್ಟೇ.

ದೀಪಗಳು ಸಂಜೆಯ ಬಣ್ಣಕ್ಕೆ ತಿರುಗುತ್ತಿವೆ. ಹೊಸಲಿನಲ್ಲಿ ನಿಂತು ಚಂಪಾ ಮಗನನ್ನು ಊಟಕ್ಕೆ ಕರೆಯುತ್ತಿದ್ದಾಳೆ: ಬಾ ಅಪ್ಪಾ, ಬಾ ಇನ್ನಾಸಪ್ಪ. ಅವಳು ಕರೆಯುವ ಪರಿ ಹೇಗಿದೆಯೆಂದರೆ, ಅಷ್ಟು ಹಿಂದಿರುವ ನೀವೂ ಒಮ್ಮೆ ತಿರುಗಿ ನೋಡಿರಬಹುದು.

ಇತಿ ನಿಮ್ಮ ಮಗಳಂಥ,
ರಜೀನಮ್ಮ