ಗಂಧದ ಹಾರದ ಮರೆಯಲ್ಲಿ

ಕ್ರೋಯ್ಡನ್, ಲಂಡನ್
೧೪ ನವೆಂಬರ್ ೧೯೯೯, ಭಾನುವಾರ

ವೀರಭದ್ರ ಕಾಕಾ ಅವರಿಗೆ ವಿಶಾಲಾಕ್ಷಿಯ ಶರಣು.

ನಿಮ್ಮ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ನಿಮ್ಮ ಮೊಮ್ಮಗಳು ಸೌಜನ್ಯಾ ಹೇಳಿದಳು. ಈಗ ಅಕ್ಷರ ಕಾಣುತ್ತವೆಯೇ? ಕಾಣದಿದ್ದರೆ ಕಾಣುವ ತನಕ ಈ ಪತ್ರ ಎತ್ತಿಡಿ, ಬೇರೆಯವರಿಂದ ಓದಿಸಿ ಕೇಳಬೇಡಿ. ಬಿಪಿ ಗುಳಿಗೆ ತಪ್ಪಿಸಬೇಡಿ, ಉಪ್ಪಿನಕಾಯಿ ಮುಟ್ಟಬೇಡಿ. ಕಾಗದದಲ್ಲಿ ಆರೋಗ್ಯ ವಿಚಾರಿಸುವುದು ರೂಢಿ, ಆದರೆ ನಾನು ರೂಢಿಗೆ ಕೇಳುತ್ತಿಲ್ಲ. ನೀವು ಇನ್ನೂ ಕೆಲವು ದಿನ ಗಟ್ಟಿಯಾಗಿರಬೇಕು. ಪ್ರೀತಿಯಿಂದ ಹೇಳುತ್ತಿದ್ದೇನೆ ಎಂದು ಮಾತ್ರ ತಿಳಿಯಬೇಡಿ. ಅವ್ವ ಆರಾಮಾಗಿದ್ದಾಳೆ. ಎಪ್ಪತ್ತೇಳರಲ್ಲೂ ತಾನೇ ರೊಟ್ಟಿ ಬಡಿಯುತ್ತಾಳೆ. ಸಪ್ಪಳ ತಡೆಯಲಾಗದೆ ಕೆಳಗಿನ ಫ್ಲಾಟಿನ ಪ್ರಿಚರ್ಡ್ ಎರಡು ಸಲ ಮೆಟ್ಟಿಲು ಹತ್ತಿ ಬಂದರೂ ನಿಲ್ಲಿಸಿಲ್ಲ.

ನಮ್ಮಪ್ಪನದೆಂದು ಇರುವ ಒಂದೇ ಒಂದು ಫೋಟೋ ಈಗ ನನ್ನ ಮೇಜಿನ ಮೇಲಿದೆ. ಅವ್ವ ಇಲ್ಲಿಗೆ ಬಂದ ಹನ್ನೆರಡು ವರ್ಷದಿಂದ ಕೇಳುತ್ತಿದ್ದಳು. ‘ಹಿರ್ಯಾರ ಫೋಟೋ ಮನಿ ದಾಟಬಾರದವ್ವಾ’ ಎಂದು ನೀವು ಸಾಗಹಾಕುತ್ತಿದ್ದಿರಿ. ನೀವು ದವಾಖಾನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಚಿಗವ್ವ ಅದನ್ನು ಇಳಿಸಿ, ಕೆಲಸಕ್ಕೆಂದು ಇಲ್ಲಿಗೆ ಹೊರಟಿದ್ದ ಸೌಜನ್ಯಾಳ ಕೈಗೆ ಕೊಟ್ಟಳು. ಚಿಗವ್ವನನ್ನು ಬೈಯಬೇಡಿ, ಆಕೆಗೇನು ಗೊತ್ತು! ಪೆಟ್ಟಿಗೆಯ ತೂಕ ಹೆಚ್ಚಾಗುತ್ತದೆಂದು ಆ ಹುಡುಗಿ ಕಟ್ಟು, ಗಾಜು, ಗಂಧದ ಹಾರ ಎಲ್ಲ ಕಳಚಿ ಬರೀ ಫೋಟೋ ತಂದಳು. ಐವತ್ಮೂರು ವರ್ಷ ಆ ಹಾರವನ್ನು ನೀವು ಯಾರಿಗೂ ಮುಟ್ಟಗೊಡಲಿಲ್ಲ. ಅಪ್ಪನಿಗೆ ಎಡೆ ಇಡುವ ದಿನ ಬಾಗಿಲು ಹಾಕಿಕೊಂಡು ನೀವೇ ಹಳೆಯದು ತೆಗೆದು ಹೊಸದು ಹಾಕುತ್ತಿದ್ದಿರಿ. ಅಣ್ಣನ ಮೇಲೆ ಎಂಥ ಭಕ್ತಿ ಎಂದು ಓಣಿಯೇ ಹೊಗಳಿತು. ನಾನೂ ಹೊಗಳಿದೆ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ. ಹಾರ ಯಾಕೆ ಯಾವಾಗಲೂ ವಾರೆಯಾಗಿ, ಅಪ್ಪನ ಪಕ್ಕದಲ್ಲಿರುವ ಬಿಳಿ ಸಾಹೇಬನ ಕೊರಳ ಮೇಲೇ ಬೀಳುತ್ತಿತ್ತು ಎಂದು ಒಬ್ಬರೂ ಕೇಳಲಿಲ್ಲ.

‘ಅಂವ ಇಂಗ್ಲಿಷ್ ಸಾಹೇಬ, ಮುಂಬಯಿಯೊಳಗ ಲಡಾಯಿಗೆ ಹಡಗ ಹತ್ತೂ ದಿವಸ ತಗಿಸಿದ್ದು’ ಎಂದು ನಮಗೆ ಹೇಳಿಕೊಟ್ಟಿದ್ದಿರಿ. ಹಿಂಬದಿಯಲ್ಲಿ ನಿಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಮುಂಬಯಿ, ೧೯೪೧’ ಎಂದೂ ಇದೆ. ಹಾರ ಹೋದ ಮೇಲೆ ಸಾಹೇಬನ ಕೊರಳಲ್ಲಿ ಒಂದು ಕಪ್ಪು ಶಿಲುಬೆ ಕಾಣಿಸಿತು. ರೊಟ್ಟಿಯ ಸಪ್ಪಳಕ್ಕೆ ಜಗಳಾಡಲು ಬಂದ ಪ್ರಿಚರ್ಡ್ ಅದನ್ನು ನೋಡಿ ಜಗಳವನ್ನೇ ಮರೆತ. ಅವನು ನಿವೃತ್ತ ಇತಿಹಾಸದ ಮಾಸ್ತರ, ಯುದ್ಧದ ಪದಕಗಳ ಹುಚ್ಚಿನವನು. ಮರುದಿನ ದಪ್ಪ ಪುಸ್ತಕವೊಂದನ್ನು ಹೊತ್ತು ತಂದು ಅದೇ ಮುಖವನ್ನು ತೋರಿಸಿದ. ಎಡಗಿವಿಯ ತುದಿ ಹಾರಿಹೋದ ಅದೇ ಮನುಷ್ಯ. ಜರ್ಮನ್ ಸೈನ್ಯದ ಮೇಜರ್ ಏಗೊನ್ ಟಿಲ್ಕೆ. ಆ ಶಿಲುಬೆ ಅವರ ದೊಡ್ಡ ಗೌರವವಂತೆ. ಇವನಿಗೆ ಸಿಕ್ಕಿದ್ದು ೧೯೪೪ರ ಏಪ್ರಿಲ್‌ನಲ್ಲಿ, ಇವನು ಫ್ರಾನ್ಸಿನಲ್ಲಿ ಸತ್ತದ್ದು ಅದೇ ವರ್ಷದ ಆಗಸ್ಟಿನಲ್ಲಿ. ಫೋಟೋ ತೆಗೆದದ್ದು ಆ ನಡುವಿನ ನಾಲ್ಕು ತಿಂಗಳಲ್ಲಿ, ಹಿಂದೆ ಕಾಣುವುದು ಫ್ರಾನ್ಸಿನ ಸಮುದ್ರ. ಸೆರೆಸಿಕ್ಕ ನಮ್ಮ ಸಿಪಾಯಿಗಳಲ್ಲಿ ಕೆಲವರು ಜರ್ಮನರ ಕಡೆ ಸೇರಿದ್ದರಂತೆ. ಪ್ರಿಚರ್ಡನ ಅಣ್ಣ ಅದೇ ಬೇಸಿಗೆಯಲ್ಲಿ ಅದೇ ಫ್ರಾನ್ಸಿನಲ್ಲಿ ಜರ್ಮನರ ಗುಂಡಿಗೆ ಸತ್ತವನು. ಎಲ್ಲ ಹೇಳಿ ಮುಗಿಸಿ ಫೋಟೋವನ್ನು ಬೋರಲು ಹಾಕಿ ಇಳಿದುಹೋದ. ಇವತ್ತು ಇಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಕೋಟಿಗೆ ಕೆಂಪು ಕಾಗದದ ಹೂ ಚುಚ್ಚಿಕೊಂಡು ಎದುರಿಗೆ ಬಂದವನು ನನ್ನ ಮುಖ ನೋಡಲಿಲ್ಲ. ಅಪ್ಪ ಯಾರ ಕೈಯನ್ನು ಹೆಗಲ ಮೇಲೆ ಇರಿಸಿಕೊಂಡು ನಕ್ಕಿದ್ದಾನೆ ಎಂಬುದು ನನಗೂ ಸಂಕಟವೇ. ಆ ಜಗಳ ನನಗೂ ಅಪ್ಪನಿಗೂ ಇರಲಿ.

ನಿಮ್ಮ ಜೊತೆಗಿನದು ಬೇರೆ. ಅಪ್ಪ ೧೯೪೨ರಲ್ಲೇ ಮರಳುಗಾಡಿನ ಯುದ್ಧದಲ್ಲಿ ಸತ್ತನೆಂದು ನೀವು ಹೇಳಿದಿರಿ. ಯುದ್ಧ ಮುಗಿದ ಮರುವರ್ಷ ಒಬ್ಬ ಸಿಪಾಯಿ ನಮ್ಮ ಮನೆಗೆ ಬಂದಿದ್ದ. ನನಗೆ ಆರು ವರ್ಷ, ಚೆನ್ನಾಗಿ ನೆನಪಿದೆ, ನನ್ನ ಕೈಗೆ ಪೆಪ್ಪರಮಿಂಟು ಕೊಟ್ಟಿದ್ದ. ನೀವು ಅವನನ್ನು ದನದ ಕೊಟ್ಟಿಗೆಗೆ ಕರೆದೊಯ್ದು ಮಾತಾಡಿ ಹಾಗೇ ಸಾಗಹಾಕಿದಿರಿ. ಮರುದಿನ ಅವ್ವನ ಬಳೆ ಒಡೆಸಿದಿರಿ. ಅವಳಿಗೆ ಆಗ ಇಪ್ಪತ್ನಾಲ್ಕು. ಅಪ್ಪನ ಸಾವಿನ ಸುದ್ದಿಯನ್ನೂ ಈ ಫೋಟೋವನ್ನೂ ತಂದವನು ಅವನೇ ಅಲ್ಲವೇ? ನೀವು ಕಲೆಕ್ಟರ್ ಕಚೇರಿಯ ಕಾರಕೂನ, ಅಣ್ಣ ವೈರಿಯ ಸೈನ್ಯದಲ್ಲಿದ್ದನೆಂದು ಗೊತ್ತಾದರೆ ನೌಕರಿ ಹೋಗುತ್ತಿತ್ತು. ಅಂಜಿಕೆ ನನಗೂ ತಿಳಿಯುತ್ತದೆ. ಆದರೆ ಮುಂದಿನ ವರ್ಷ ಆ ಸರ್ಕಾರವೇ ಗಂಟುಮೂಟೆ ಕಟ್ಟಿತಲ್ಲ, ಆಮೇಲೆ ಯಾರಿಗೆ ಅಂಜಿದಿರಿ? ಅಪ್ಪ ಬದುಕಿದ್ದ ದಿನಗಳನ್ನು ಅವ್ವನಿಂದ ಕದ್ದಿರಿ. ಯಾವುದೋ ತಿಥಿಗೆ ಹೋಳಿಗೆ ಮಾಡಿಸಿ ಎಡೆ ಇಡಿಸಿದಿರಿ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯಿತು.

ಚಿಗವ್ವನಿಗೆ ನನ್ನ ಶರಣು ಹೇಳಿ. ಮನೆಯ ಮಕ್ಕಳು ಚೆನ್ನಾಗಿರಲಿ. ನಿಮಗೆ ಏನು ಹೇಳಿ ಮುಗಿಸಬೇಕೋ ತೋಚುತ್ತಿಲ್ಲ.

ನಿಮ್ಮ ಅಣ್ಣ ಅಡಿವೆಪ್ಪನ ಮಗಳು,
ವಿಶಾಲಾಕ್ಷಿ

ತಾ.ಕ.: ಈ ಪತ್ರ ಮಡಚುವಾಗ ಅವ್ವ ತಡೆದು ಫೋಟೋ ತೋರಿಸಿದಳು. ಫೋಟೋದ ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಸೂಜಿ ಇದೆ. ಅದರ ಕೆಳಗೆ ಹರಿದ ಕಾಗದದ ಚೂರು ಸಿಕ್ಕಿಕೊಂಡಿದೆ, ಉಗುರಿನಷ್ಟು. ಅದರಲ್ಲಿ ‘ಪಾರೂ’ ಎಂದು ಬರೆದಿದೆ. ನಮ್ಮವ್ವ ಪಾರ್ವತೆವ್ವನನ್ನು ಹಾಗೆ ಕರೆದವನು ಅಪ್ಪ ಒಬ್ಬನೇ. ಅವ್ವನಿಗೆ ಓದಲು ಬಾರದು, ನಾನೇ ಓದಿ ಹೇಳಿದೆ. ಅವಳು ಅಂದಳು: ‘ಬೈದು ಬರೀಬ್ಯಾಡ, ಸಿಟ್ಟಾಗಿ ಬಾಯಿ ಮುಚ್ಚಿಬಿಟ್ಟಾನು. ಆ ಕಾಗದ ಓದಿದಾಂವ ಭೂಮಿ ಮ್ಯಾಲೆ ಅಂವೊಬ್ಬನ ಉಳದಾನ. ಏನ್ ಬರದಿದ್ರು ಅಂತ ಕೇಳು.’ ಬೈದದ್ದನ್ನು ಅಳಿಸಲು ನನಗೆ ಮನಸ್ಸಿಲ್ಲ. ಆದರೂ ಕೈಮುಗಿದು ಕೇಳುತ್ತಿದ್ದೇನೆ. ಕಾಗದ ಇದ್ದರೆ ಕಳಿಸಿ. ಸುಟ್ಟಿದ್ದರೆ ನೆನಪಿದ್ದಷ್ಟು ಬರೆಯಿರಿ, ಒಂದು ಸಾಲಾದರೂ ಸರಿ. ಅಲ್ಲಿಯ ತನಕ ಗುಳಿಗೆ ತಪ್ಪಿಸಬೇಡಿ, ಕಾಕಾ.